ಸುಳಿಗೆ ಹಾಕಿದ ಬೂದಿ

ಸಿಂಗಸಂದ್ರ, ಮಂಗಳವಾರ

ಚನ್ನಕ್ಕಗೆ ತಂಗಿ ಶಿವಗಂಗಾಳ ನಮಸ್ಕಾರ.

ನಾನು ಕಸ ಗುಡಿಸುವ ಸಂಶೋಧನಾ ಕೇಂದ್ರದಲ್ಲಿ ಗೋವಿನಜೋಳದ ಹುಳುಗಳನ್ನು ಎಸಿ ಹಾಕಿ ಸಾಕುತ್ತಾರೆ, ಅವನ್ನು ಕೊಲ್ಲುವ ಔಷಧಿ ಹುಡುಕಲಿಕ್ಕಂತೆ! ಕುಂಡದ ಗಿಡಗಳನ್ನು ಹುಳು ತಿನ್ನುವುದು ನೋಡಲಾಗದೆ, ಇಸ್ತ್ರಿ ಅಂಗಡಿಯಿಂದ ಬೂದಿ ತಂದು, ಅವ್ವ ಹಾಕುವ ಹಾಗೆ ಸುಳಿಗೆಲ್ಲ ಉದುರಿಸಿದೆ. ಮೂರು ದಿನಕ್ಕೆ ಹುಳುಗಳೆಲ್ಲ ಸತ್ತವು. ಅದು ನನ್ನ ಕೆಲಸವೇ ಎಂದು ನಾನೇ ಹೇಳಿದೆ.

"ಯಾರಮ್ಮ ನಿಮಗೆ ಹೇಳಿದ್ದು? ಮೂರು ತಿಂಗಳ ಕೆಲಸ ಹಾಳ್ಮಾಡ್ಬಿಟ್ರಲ್ಲ!" ಎಂದು ದೊಡ್ಡ ಸಾಹೇಬರು ಎಲ್ಲರೆದುರು ಕೂಗಾಡಿದರು.

"ಅವು ಸಾಯ್ಲಿ ಅಂತನ ಅಲ್ರೀ ನೀವು ಇಷ್ಟೆಲ್ಲ ಮಾಡಾಕತ್ತಿದ್ದು?" ಅಂದೆ.

ನಾಳೆಯಿಂದ ಬರಬೇಡ ಎಂದರು. ಹುಳು ಯಾತರಿಂದ ಸತ್ತವೆಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಹೋದ ಕಾಗದದಲ್ಲಿ ಬರೆದಿದ್ದ ನನ್ನ ಕೈ ತುರಿಕೆ ವಾಸಿಯಾಗಿದೆ. ಬೇರೆ ಕೆಲಸ ನೋಡುತ್ತಿದ್ದೇನೆ. ಇವರ ಔಷಧಿ ಬರುವವರೆಗೆ ನೀನು ಹೊಲದ ಜೋಳಕ್ಕೆ ಬೂದಿಯನ್ನೇ ಹಾಕುತ್ತಿರು.