ಮಗನ ಪಾಲಿಗೆ ಎತ್ತಿಟ್ಟ ಮಾತ್ರೆಗಳು

ಅಂಗಡಿಯ ಮೇಜಿನಿಂದ,
ಒಂಬತ್ತನೇ ತಾರೀಖು, ಬುಧವಾರ

ಪ್ರೀತಿಯ ಮರಿ,

ಕ್ಷೇಮವಾಗಿದ್ದೇನೆ ಎಂದು ಬರೆದಿದ್ದೀಯ. ಕ್ಷೇಮವಿಲ್ಲದಾಗಲೂ ಹಾಗೇ ಬರೆಯುವುದು ನಮ್ಮ ವಂಶದ ಚಾಳಿ, ಆದ್ದರಿಂದ ಅರ್ಧ ನಂಬಿದ್ದೇನೆ. ನಿನ್ನ ಅಮ್ಮನ ಹೊಟ್ಟೆಹುಣ್ಣಿಗೆ ಇದುವರೆಗೆ ತಗಲಿದ ಒಟ್ಟು ಖರ್ಚು ಇಷ್ಟು: ಗಂಟಲಿಗಿಳಿಸಿದ ಕೊಳವೆ ಎರಡು ಸಲ, ಮೈಗೇರಿಸಿದ ರಕ್ತ ಎರಡು ಬಾಟಲಿ, ಆಸ್ಪತ್ರೆಯ ಬೆಂಚು ಸವೆಸಿದ ದಿನ ಏಳು, ಮತ್ತು ಮೂವತ್ತು ವರ್ಷ ನಾನು ಎಲ್ಲರಿಗೂ ಬೋಧಿಸಿದ ಒಂದು ನೀತಿ. ಕೊನೆಯದೇ ದುಬಾರಿ ಬಿದ್ದಿತು.

ಹುಣ್ಣಿಗೆ ಕಾರಣ ಖಾರವೂ ಅಲ್ಲ, ನನ್ನ ಮೇಲಿನ ಸಿಟ್ಟೂ ಅಲ್ಲ, ಹೊಟ್ಟೆಯೊಳಗೆ ಬಾಡಿಗೆ ಕೊಡದೆ ಬೀಡುಬಿಟ್ಟ ಒಂದು ಕೀಟಾಣು ಎಂದು ಡಾಕ್ಟರಮ್ಮ ಹೇಳಿದ್ದು ನಿನಗೆ ಗೊತ್ತು. ಹದಿನಾಲ್ಕು ದಿನದ ಮಾತ್ರೆ, ಒಂದೂ ತಪ್ಪಬಾರದು ಅಂದಿದ್ದರು. ಆರನೇ ದಿನಕ್ಕೆ ಉರಿ ನಿಂತಿತು, ಅಮ್ಮ ನಗುನಗುತ್ತ ಓಡಾಡಿದಳು. ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ರಕ್ತ ಕಾರಿ ಒಲೆಯ ಮುಂದೆ ಕುಸಿದಳು. ಆಸ್ಪತ್ರೆಯ ಹಳೇ ಚೀಟಿ ಹುಡುಕುತ್ತ ಅಂಗಡಿಯ ಕಪಾಟು ತಡಕಿದೆ. ಮಿಕ್ಕ ತಿರುಪು, ವಾಷರು ತುಂಬಿಡುವ ಗಾಜಿನ ಡಬ್ಬಿಗಳ ಸಾಲಿನಲ್ಲಿ ಹೊಸದೊಂದು ಡಬ್ಬಿ. ಒಳಗೆ ಎಂಟು ದಿನದ ಮಾತ್ರೆ. ಮೇಲೆ ಅವಳ ಕೈಬರಹ: ಮರಿಗೆ, ಬಂದಾಗ.

ಚೇತರಿಸಿಕೊಂಡ ಮೇಲೆ ಕೇಳಿದೆ. “ನಂಗೆ ವಾಸಿಯಾಗಿತ್ತಲ್ಲ. ಅವನೂ ಹೊಟ್ಟೆ ಹಿಡ್ಕೊಂಡೇ ಓಡಾಡ್ತಾನೆ. ಮಿಕ್ಕಿದ್ದು ಎಸೀಬೇಡ, ಒಂದು ತಿರುಪಿಗೂ ಒಂದು ದಿನ ಬರುತ್ತೆ ಅಂತ ನೀವೇ ಹೇಳ್ತೀರಲ್ಲ,” ಅಂದಳು. ಬೇರೆಯವರು ಬಿಸಾಡಿದ ನಟ್ಟು ಬೋಲ್ಟು ಆರಿಸಿ ಈ ಅಂಗಡಿ ಕಟ್ಟಿದವನು ನಾನು. ನನ್ನ ಸರಕನ್ನೇ ನನಗೆ ಮಾರಿದ್ದಳು.

“ಇದು ಅರ್ಧ ಹೊಡೆದು ಬಿಟ್ಟ ಹಾವು ಯಜಮಾನ್ರೇ, ಹಳೇ ಮಾತ್ರೆಗೆ ಇನ್ನು ಬಗ್ಗಲ್ಲ,” ಅಂದರು ಡಾಕ್ಟರಮ್ಮ. ಉಸಿರಿನ ಪರೀಕ್ಷೆಗೆ ನನ್ನನ್ನೂ ಚೀಲದೊಳಗೆ ಊದಿಸಿದರು, ಆ ಕೀಟಾಣು ನನ್ನೊಳಗೂ ಇತ್ತು. ಈಗ ಇಬ್ಬರಿಗೂ ದಿನಕ್ಕೆ ನಾಲ್ಕು ಹೊತ್ತು ಬೇರೆ ಮದ್ದು. ನಿಮ್ಮ ಅಂಗಡಿಯ ತುಕ್ಕನ್ನೆಲ್ಲ ನೆಕ್ಕಿದ ಹಾಗಿದೆ ಬಾಯಿ ಎನ್ನುತ್ತಾಳೆ ಅಮ್ಮ. ಎದುರು ಔಷಧದಂಗಡಿಯವನು, “ಇಷ್ಟೊಂದು ಯಾಕೆ, ಬಿಡಿಯಾಗಿ ನಾಕು ತಗೊಳ್ಳಿ, ಉರಿ ಇದ್ರೆ ಮತ್ತೆ ಬನ್ನಿ,” ಎಂದ. “ಸೇತುವೆಗೆ ಅರ್ಧ ಬೋಲ್ಟು ಹಾಕಿ, ಅಲ್ಲಾಡಿದ್ರೆ ಮತ್ತೆ ಬನ್ನಿ ಅಂತ ನಾನು ಮಾರಲ್ಲಪ್ಪ,” ಎಂದೆ. ಅಂದಿನಿಂದ ಗಿರಾಕಿಗಳ ಎದುರೇ ನುಂಗುತ್ತೇನೆ, ನಾಲಗೆ ಎತ್ತಿ ತೋರಿಸುತ್ತೇನೆ. ಕುದಿಸಿ ಆರಿಸಿದ ನೀರು, ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗದಂತೆ ಒಬ್ಬೊಬ್ಬರಿಗೆ ಒಂದೊಂದು ಲೋಟ. ನೀರಿನಲ್ಲೂ ಜಿಪುಣತನವಾ ಎಂದು ಬೀದಿಯವರು ನಗುತ್ತಾರೆ. ನಗಲಿ. ನಕ್ಕವರಲ್ಲಿ ಇಬ್ಬರು ಹಿಂಬಾಗಿಲಿನಿಂದ ಬಂದು ಡಾಕ್ಟರಮ್ಮನ ವಿಳಾಸ ಕೇಳಿಕೊಂಡು ಹೋದರು. ನಾನಂತೂ ಈ ಕೀಟಾಣುವಿಗೆ ಸೋಲುವವನಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಪ್ಪ

ಅವಸರದಲ್ಲಿ: ಆ ಡಬ್ಬಿಯ ಮಾತ್ರೆಗಳನ್ನು ನಿನ್ನೆ ಆಸ್ಪತ್ರೆಗೆ ಒಪ್ಪಿಸಿದೆ. ಅಮ್ಮನಿಗೆ ಗೊತ್ತಾಯಿತು. “ಅವನ ಪಾಲು ಕಿತ್ಕೊಂಡ್ರಿ. ಅವನು ಪರೀಕ್ಷೆ ಮಾಡಿಸ್ಕೊಳ್ಳೋವರೆಗೂ ನನ್ನ ಪಾಲೂ ಬೇಡ,” ಎಂದು ಕೂತಿದ್ದಾಳೆ. ಇವತ್ತು ಹೊಸ ಮದ್ದಿನ ಹತ್ತನೇ ದಿನ, ಅವಳ ಬೆಳಗಿನ ಮಾತ್ರೆ ಇನ್ನೂ ಮೇಜಿನ ಮೇಲಿದೆ. ಇನ್ನೊಮ್ಮೆ ಅರ್ಧಕ್ಕೆ ನಿಂತರೆ ಬೇರೆ ಮದ್ದು ಹುಡುಕುವುದು ಕಷ್ಟ ಎಂದಿದ್ದಾರೆ ಡಾಕ್ಟರಮ್ಮ. ಹೊಟ್ಟೆನೋವಿರುವ ನಿನ್ನನ್ನೂ ಪರೀಕ್ಷಿಸಲೇಬೇಕಂತೆ. ಫೋನಿನಲ್ಲಿ ಮೂರು ಸಲ ‘ಆಯ್ತಪ್ಪ’ ಅಂದು ಸುಮ್ಮನಾಗಿದ್ದೀಯ, ಅದಕ್ಕೇ ಬಸ್ಸಿನ ಡ್ರೈವರ್ ಕೈಯಲ್ಲಿ ಈ ಕಾಗದ. ಮಧ್ಯಾಹ್ನ ತಲುಪುತ್ತದೆ. ಆಸ್ಪತ್ರೆಗೆ ಹೋಗು, ಅಲ್ಲಿಂದಲೇ ಅವಳಿಗೆ ಫೋನ್ ಮಾಡು, ನನಗಲ್ಲ. ಈ ಗಳಿಗೆಗೆ ಯಾರಿಗೆ ಎಷ್ಟು ದಕ್ಕಿದೆ ಅಂದರೆ: ನನಗೆ ಒಂಬತ್ತು ದಿನದ್ದು ಮತ್ತು ಇವತ್ತು ಬೆಳಗಿನದು, ಅಮ್ಮನಿಗೆ ಒಂಬತ್ತು ದಿನದ್ದು, ಕೀಟಾಣುವಿಗೆ ಒಂದು ಹೊತ್ತಿನ ಬಿಡುವು, ನಿನಗೆ ಏನೂ ಇಲ್ಲ.