ಹದಿನಾಲ್ಕನೇ ನಂಬರಿನ ಅಮ್ಮನಿಗೆ

ಮನೆಯಿಂದ,
ತಾರೀಕು ಹನ್ನೊಂದು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನೆ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ಅದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಿನ್ನ ಕ್ಷೇಮ ಕೇಳಲು ಕೈ ಓಡುವುದಿಲ್ಲ. ನೀನು ಹಳೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆ ಎತ್ತರದ ಬೋರ್ಡಿನ ಮುಂದೆ ಕೂತಿದ್ದೆ. ಕಿವಿಗೆ ಹೆಡ್‌ಫೋನು, ಎರಡೂ ಕೈತುಂಬ ವೈರುಗಳು. ನಾನು ಹಿಂದೆ ನಿಂತು ಅಮ್ಮಾ ಅಮ್ಮಾ ಎಂದು ಕೂಗುತ್ತಿದ್ದೇನೆ. ನೀನು ತಿರುಗಿ ನೋಡದೆ ಆಫೀಸಿನ ದನಿಯಲ್ಲಿ, "ದಯವಿಟ್ಟು ಕಾಯಿರಿ, ನಿಮ್ಮ ಮುಂದೆ ಇನ್ನೂ ಜನ ಇದ್ದಾರೆ" ಅಂದೆ. ಬೆವತು ಎದ್ದು ಕೂತೆ. ನಿನ್ನ ಸೊಸೆ ಎದ್ದವಳೇ ಎಲ್ಲ ಕೇಳಿಸಿಕೊಂಡು, "ಅತ್ತೆ ಹೋಗಿ ಹದಿನೈದು ದಿನ ಆಯ್ತು, ನೀವು ಇನ್ನೂ ಅವರನ್ನ ಕಳಿಸಿದ ಗೇಟಿನ ಹತ್ರಾನೇ ನಿಂತಿದ್ದೀರ" ಎಂದು ಹೇಳಿ ಮಗ್ಗುಲು ಬದಲಿಸಿದಳು. ಅವಳಿಗೆ ಕಲ್ಲಿನ ಮೇಲೂ ನಿದ್ದೆ ಬರುತ್ತದೆ, ಪುಣ್ಯವಂತೆ.

ಈಗ ಹೇಳು, ಹೇಗಿದ್ದೀಯ? ವಿಮಾನದಲ್ಲಿ ಊದಿದ ಕಾಲು ಇಳಿಯಿತೇ? ಬೆಳಗಿನ ಮಾತ್ರೆ ಬಿಳಿಯದು, ಸಂಜೆಯದು ಗುಲಾಬಿ, ಅದಲು ಬದಲು ಮಾಡಬೇಡ. ಅಲ್ಲಿ ಚಳಿ ಎಂದು ಬರೆದಿದ್ದೀಯ. ಕಿವಿ ಮುಚ್ಚಿಕೋ, ಇಪ್ಪತ್ತೆರಡು ವರ್ಷ ದುಡಿಸಿಕೊಂಡ ಕಿವಿ ಅವು.

ನಿನ್ನ ಕಾಗದ ಮಂಗಳವಾರ ಬಂತು. ಪೋಸ್ಟಿನವನು ಡಿಪೋದಲ್ಲೇ ಕೊಟ್ಟುಹೋದ. ನಾನು ಆಗ ಹಳೇ ಬಸ್ಸೊಂದರ ಸೀಟುಗಳಿಗೆ ಹೊಸ ರೆಕ್ಸಿನ್ ಹೊಲಿಯುತ್ತಿದ್ದೆ. ಏಳನೇ ಕ್ಲಾಸು ಮುಗಿಸದವನು ಕಾಗದ ಓದುವುದು ನಿನಗೆ ಗೊತ್ತಲ್ಲ, ಬೆರಳಿಟ್ಟು ಒಂದೊಂದೇ ಸಾಲು. ಮೊದಲನೇ ಪುಟದ ಕೊನೆಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಆ ಕೊನೆಯ ಸಾಲು ಏನು ಗೊತ್ತೇ? "ಅವರು ಅಡುಗೆಮನೆಯಲ್ಲಿ ಕೂರುತ್ತಾರೆ, ನಾನು ಮುಂದಿನ ಕೋಣೆಯಲ್ಲಿ ಕೂರುತ್ತೇನೆ, ನಡುವೆ ಬಾಗಿಲು ಹಾಕಿಕೊಂಡಿರುತ್ತೇವೆ." ಅಷ್ಟೇ. ಕಾಗದ ಮಡಚಿ ಜೇಬಿಗಿಟ್ಟೆ. ಆಮೇಲೆ ಸಂಜೆಯವರೆಗೆ ನನ್ನ ತಲೆಯಲ್ಲಿ ಏನೇನು ಓಡಿತೋ, ಬರೆದರೆ ನೀನು ಬೈಯುತ್ತೀಯ. ಹೋದ ನಾಲ್ಕು ದಿನಕ್ಕೇ ಜಗಳವಾಗಿದೆ, ಇಷ್ಟು ವರ್ಷ ಫೋನಿನಲ್ಲಿ ಬರೀ ದನಿ ಕೇಳಿದ್ದ ಆ ಮನುಷ್ಯನಿಗೆ ಅಮ್ಮನ ಮುಖ ನೋಡಿ ಬೇಸರವಾಗಿದೆ, ಭಾಷೆ ಬಾರದ ದೇಶದಲ್ಲಿ ಅಮ್ಮ ಒಬ್ಬಳೇ ಕೋಣೆಯಲ್ಲಿ ಕೂತು ಗೋಡೆ ನೋಡುತ್ತಿದ್ದಾಳೆ ಎಂದೆಲ್ಲ. ಆ ಗಾಬರಿಯಲ್ಲಿ ಮೂರು ಸೀಟಿಗೆ ರೆಕ್ಸಿನ್ ಉಲ್ಟಾ ಹೊಲಿದಿದ್ದೇನೆ, ನಯವಾದ ಬದಿ ಒಳಗೆ, ಬಟ್ಟೆಯ ಬದಿ ಹೊರಗೆ. ಹದಿನೆಂಟು ವರ್ಷದಲ್ಲಿ ಇದೇ ಮೊದಲು. ಸೂಪರ್‌ವೈಸರ್ ಕೈಯಾಡಿಸಿ ನೋಡಿ, "ಇದ್ಯಾವ ಫ್ಯಾಷನ್ನಯ್ಯಾ" ಅಂದರು.

ಮನೆಗೆ ಬಂದು ನಿನ್ನ ಸೊಸೆಯ ಕೈಗೆ ಕಾಗದ ಕೊಟ್ಟೆ. ಅವಳು ಎರಡನೇ ಪುಟ ಓದುತ್ತಾ ಓದುತ್ತಾ ಗೋಡೆಗೆ ಒರಗಿಕೊಂಡು ನಗತೊಡಗಿದಳು. ಆಮೇಲೆ ಕಣ್ಣೊರೆಸಿಕೊಂಡಳು. ಎದುರೆದುರು ಕೂತರೆ ನಿಮಗಿಬ್ಬರಿಗೂ ಮಾತೇ ಹೊರಡುವುದಿಲ್ಲವಂತೆ, ಯಾರೋ ಹೊಸಬರ ಮುಂದೆ ಕೂತ ಹಾಗೆ ಆಗುತ್ತದಂತೆ. ಮೂರು ದಿನ ಬರೀ ತಟ್ಟೆ ನೋಡಿಕೊಂಡು ಊಟ ಮಾಡಿದಿರಂತೆ. ನಾಲ್ಕನೇ ದಿನ ಅವರು ನೀರು ಕಾಯಿಸಲು ಒಳಗೆ ಹೋದಾಗ, ಬಾಗಿಲಿನ ಆ ಕಡೆಯಿಂದ ನಿಮ್ಮ ಆಫೀಸಿನ ಇಂಗ್ಲಿಷಿನಲ್ಲಿ "ಹದಿನಾಲ್ಕು, ಕೇಳಿಸ್ತಿದೆಯಾ" ಎಂದು ಕೇಳಿದರಂತೆ, ನಿನಗೆ ಬಾಯಿ ತಾನಾಗಿ "ಮೂವತ್ತೊಂದು, ಚೆನ್ನಾಗಿ ಕೇಳಿಸ್ತಿದೆ" ಎಂದು ಹೇಳಿತಂತೆ. ಅಲ್ಲಿಂದ ಎರಡು ಗಂಟೆ ಹೊತ್ತು ಬಾಗಿಲು ತೆಗೆಯದೆ ಮಾತಾಡಿದಿರಂತೆ. ನಡುವೆ ಟ್ರಂಕ್ ಕಾಲಿನ ಹಾಗೆ ಮೂರು ನಿಮಿಷಕ್ಕೊಮ್ಮೆ ಇಬ್ಬರೂ ಒಟ್ಟಿಗೆ "ಮುಂದುವರಿಸಲೇ" ಎಂದು ಕೇಳಿ ನಗುತ್ತಿದ್ದಿರಂತೆ. ಅಮ್ಮಾ, ನೀವಿಬ್ಬರೂ ಅರವತ್ತು ದಾಟಿದವರು. ಇಂಥ ತಪ್ಪು ಟೆಲಿಫೋನಿನವರಲ್ಲದೆ ಇನ್ಯಾರು ಮಾಡುತ್ತಾರೆ? ಮುಖ ನೋಡಬೇಕೆಂದು ಸಮುದ್ರ ದಾಟಿ ಹೋಗಿ, ಹೋದಮೇಲೆ ಬಾಗಿಲು ಹಾಕಿಕೊಳ್ಳುವುದು!

ಈಗ ಇಲ್ಲಿಯ ಸುದ್ದಿ. ನನ್ನ ಸೋದರಮಾವ, ಅಂದರೆ ನಿನ್ನ ಅಣ್ಣ, ಗುರುವಾರ ಬಂದಿದ್ದರು. ಕಾಲು ತೊಳೆಯುವ ಮೊದಲೇ ಶುರುಮಾಡಿದರು. "ಪೆನ್ಷನ್ ತಗೊಳ್ಳೋ ಹೆಂಗಸು, ಮೊಮ್ಮಗಳಿಗೆ ಜಡೆ ಹಾಕಿಕೊಂಡು ಮನೇಲಿರೋದು ಬಿಟ್ಟು, ಗುರುತಿಲ್ಲದ ಗಂಡಸನ್ನ ಹುಡುಕ್ಕೊಂಡು ಪರದೇಶಕ್ಕೆ ಹೋಗೋದಾ, ನೀನು ಗಂಡುಮಗ ಆಗಿ ಏನು ಕಡಿದು ಕಟ್ಟೆ ಹಾಕ್ತಿದ್ದೆ" ಎಂದರು. ನಾನು ತಲೆ ತಗ್ಗಿಸಿದೆ. ನಿನ್ನ ಸೊಸೆ ಮಾತ್ರ ಲೋಟ ಮುಂದಿಟ್ಟು, "ಗುರುತಿಲ್ಲ ಅಂತ ಯಾರು ಹೇಳಿದ್ದು ಮಾವಾ, ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಹತ್ತಕ್ಕೆ ಮಾತಾಡಿದ್ದಾರೆ, ನೀವು ಅತ್ತೆ ಜೊತೆ ವರ್ಷಕ್ಕೆ ಎಷ್ಟು ಸಲ ಮಾತಾಡ್ತೀರಿ" ಎಂದು ಕೇಳಿದಳು. ಅವರು ಲೋಟ ಖಾಲಿಮಾಡಿ ಬಸ್ಸಿನ ಹೊತ್ತಾಯಿತು ಎಂದು ಎದ್ದರು. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು.

ಇನ್ನೊಂದು ತಪ್ಪೊಪ್ಪಿಗೆ ಇದೆ. ನೀನು ಎಲ್ಲಿ ಎಂದು ಡಿಪೋದಲ್ಲಿ ಕೇಳಿದವರಿಗೆಲ್ಲ ನಾನು, ಕಣ್ಣಿನ ಆಪರೇಷನ್ನಿಗೆ ಹೋಗಿದ್ದಾಳೆ ಎಂದು ಹೇಳಿಬಿಟ್ಟಿದ್ದೆ. ನಾಚಿಕೆಯಿಂದಲ್ಲ, ಅಲ್ಲ, ನಾಚಿಕೆಯಿಂದಲೇ. ಅದು ಬೆಳೆಯುತ್ತಾ ಹೋಯಿತು. ಒಬ್ಬರು ಯಾವ ಕಣ್ಣು ಎಂದು ಕೇಳಿದರೆ ಎಡ ಅಂದೆ, ಇನ್ನೊಬ್ಬರಿಗೆ ಬಲ ಅಂದೆ. ಕೊನೆಗೆ ಎರಡೂ ಕಣ್ಣು ಹೋಗಿವೆಯಂತೆ ಎಂದು ಸುದ್ದಿಯಾಗಿ, ಹಳೇ ಡ್ರೈವರಣ್ಣ ನನ್ನ ಹೆಗಲು ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ನನ್ನಿಂದ ತಡೆಯಲಾಗಲಿಲ್ಲ. ಶುಕ್ರವಾರ ಟೀ ಹೊತ್ತಿಗೆ ಎಲ್ಲರ ಮುಂದೆ ಹೇಳಿದೆ. ನಮ್ಮಮ್ಮನ ಕಣ್ಣು ಚೆನ್ನಾಗಿವೆ, ಅವಳಿಗೆ ಇಷ್ಟವಾದವರೊಬ್ಬರನ್ನು ನೋಡಲು ಹೋಗಿದ್ದಾಳೆ ಎಂದು. ಭೂಮಿ ಬಾಯಿಬಿಡುತ್ತದೆ ಎಂದುಕೊಂಡಿದ್ದೆ. ಡ್ರೈವರಣ್ಣ ಲೋಟ ಕೆಳಗಿಟ್ಟು, "ಮೊದಲೇ ಹೇಳೋದಲ್ವೇನಯ್ಯಾ, ನಿಮ್ಮಮ್ಮನ ಚಿಂತೇಲಿ ಎರಡು ಸ್ಟಾಪ್ ಬಿಟ್ಟು ಹೋಗಿದ್ದೀನಿ" ಅಂದ. ಅಷ್ಟೇ ಆದದ್ದು. ಆಮೇಲೆ ಎಲ್ಲರೂ ಅವರ ಹೆಸರೇನು ಎಂದು ಕೇಳಿದರು. ಮೂವತ್ತೊಂದು ಅಂದೆ. "ಅವರೇನು ಬಸ್ಸಾ" ಎಂದು ನಕ್ಕರು.

ನಗಲಿ ಬಿಡು. ನಿಮ್ಮ ಆಫೀಸಿನಲ್ಲಿ ಹೆಸರು ಹೇಳುವ ಹಾಗಿರಲಿಲ್ಲ, ನಂಬರು ಮಾತ್ರ ಎಂದು ಇವರಿಗೆಲ್ಲ ಏನು ಗೊತ್ತು. ನನಗೆ ಗೊತ್ತು. ನನಗೆ ಹನ್ನೊಂದು ವರ್ಷವಿದ್ದಾಗ ಒಂದು ಸಲ ಜ್ವರ ಬಂದು, ಮನೆಯಲ್ಲಿ ಬಿಡಲು ಯಾರೂ ಇಲ್ಲದೆ ನೀನು ನನ್ನನ್ನು ಎಕ್ಸ್‌ಚೇಂಜಿಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಮಲಗಿಸಿದ್ದೆ. ಅಪ್ಪ ಹೋಗಿ ಆರು ತಿಂಗಳಾಗಿತ್ತು. ಹತ್ತು ಗಂಟೆಗೆ ಸಮುದ್ರದಾಚೆಯ ಎಕ್ಸ್‌ಚೇಂಜಿನ ಜೊತೆ ಲೈನ್ ಪರೀಕ್ಷೆ ಮಾಡುವಾಗ ಆ ಕಡೆಯ ಮೂವತ್ತೊಂದು ಅವರ ಊರಿನ ಮಳೆಯ ಬಗ್ಗೆಯೋ ಛತ್ರಿಯ ಬಗ್ಗೆಯೋ ಏನೋ ಹೇಳಿದರಂತೆ, ನೀನು ನಕ್ಕೆ. ಮೂರು ನಿಮಿಷವೂ ಇಲ್ಲ. ಆ ನಗು ನಾನು ಮನೆಯಲ್ಲಿ ಕೇಳಿರಲಿಲ್ಲ ಅಮ್ಮಾ. ಆಗ ನನಗೆ ಹೊಟ್ಟೆಕಿಚ್ಚಾಯಿತು. ಅವರಿಗೆ ಆಗ ಸಂಸಾರವಿತ್ತು, ನಿನಗೆ ನಾನಿದ್ದೆ, ನೀವಿಬ್ಬರೂ ಮಳೆ ಬಿಸಿಲು ಬಿಟ್ಟು ಬೇರೆ ಮಾತಾಡಿದವರಲ್ಲ ಎಂದು ಈಗ ಅರ್ಥವಾಗುತ್ತದೆ. ಅವರ ಹೆಂಡತಿ ತೀರಿಕೊಂಡ ಮೇಲೆ ಪೆನ್ಷನ್ ಆಫೀಸಿನ ಮೂಲಕ "ಹದಿನಾಲ್ಕನೇ ನಂಬರ್ ಆಪರೇಟರಿಗೆ" ಎಂದು ಅವರು ಬರೆದ ಕಾಗದ ನಾಲ್ಕು ತಿಂಗಳು ಸುತ್ತಿ ಬಂದಾಗ ನೀನು ಅದನ್ನು ಬಿಚ್ಚದೆ ಅರ್ಧ ದಿನ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಆಗಲೂ ನನಗೆ ಹೊಟ್ಟೆಕಿಚ್ಚೇ. ಅದಕ್ಕೇ ಹೊರಡುವ ದಿನ ಗೇಟಿನ ಹತ್ತಿರ ನಿನ್ನ ಕೈ ಬಿಡದೆ, ಏನೇ ಆಗಲಿ ಇಪ್ಪತ್ತಾರಕ್ಕೆ ವಾಪಸ್ ಬರುತ್ತೇನೆ ಎಂದು ಮಾತು ತೆಗೆದುಕೊಂಡೆ. ನೀನು ಕೊಟ್ಟೆ. ಈ ಕಾಗದದಲ್ಲೂ, "ಅವರು ಇರು ಅಂತಾರೆ, ಆದರೆ ನಿನಗೆ ಮಾತು ಕೊಟ್ಟಿದ್ದೇನಲ್ಲ, ಬರುತ್ತೇನೆ" ಎಂದು ಬರೆದಿದ್ದೀಯ. ಆ ಸಾಲನ್ನು ಬೆರಳಿಟ್ಟು ನಾಲ್ಕು ಸಲ ಓದಿದೆ.

ಇರಲಿ. ಬಚ್ಚಲ ನಲ್ಲಿ ಸೋರುವುದು ನಿಂತಿದೆ, ವಾಷರ್ ಹಾಕಿಸಿದೆ. ನಿನ್ನ ಮೊಮ್ಮಗಳು ಜಡೆ ತಾನೇ ಹಾಕಿಕೊಳ್ಳುವುದು ಕಲಿತಿದ್ದಾಳೆ, ಒಂದು ಮೇಲೆ ಒಂದು ಕೆಳಗೆ, ಆದರೂ ಯಾರನ್ನೂ ಮುಟ್ಟಗೊಡುವುದಿಲ್ಲ. ನಿನ್ನ ಕೋಣೆಯ ಕಿಟಕಿಯನ್ನು ಬೆಳಿಗ್ಗೆ ತೆಗೆದು ಸಂಜೆ ಹಾಕುತ್ತೇವೆ. ಅವಳೂ ಸೊಸೆಯೂ ನಿನ್ನ ಕಾಲಿಗೆ ನಮಸ್ಕಾರ ಹೇಳಿದ್ದಾರೆ. ಅವರಿಗೂ, ನಾನು ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ, ಅವರಿಗೂ ನನ್ನ ನಮಸ್ಕಾರ ತಿಳಿಸು. ಬಾಗಿಲು ಹಾಕಿಕೊಂಡೇ ತಿಳಿಸಿದರೂ ಪರವಾಗಿಲ್ಲ.

ನಿನ್ನ ಮಗ,
ಗಾಬರಿರಾಯ

ತಾ.ಕ.: ಮುಖ್ಯವಾದದ್ದನ್ನೇ ಬರೆಯದೆ ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಶುಕ್ರವಾರ ಡಿಪೋದಿಂದ ನೇರ ಟಿಕೆಟ್ ಆಫೀಸಿಗೆ ಹೋಗಿ ನಿನ್ನ ಇಪ್ಪತ್ತಾರರ ವಾಪಸ್ ಟಿಕೆಟಿನ ತಾರೀಕು ಬದಲಾಯಿಸಲು ಅರ್ಜಿ ಕೊಟ್ಟೆ. ಗುಮಾಸ್ತ, "ಯಾವ ತಾರೀಕು ಹಾಕಲಿ" ಅಂದ. ಖಾಲಿ ಬಿಡಿ ಅಂದೆ. ಹಾಗೆ ಒಂದು ವರ್ಷ ಖಾಲಿ ಇಡಬಹುದಂತೆ. ಬರಬೇಕು ಅನ್ನಿಸಿದಾಗ ನೀನೇ ತುಂಬಿಕೋ, ಅನ್ನಿಸದಿದ್ದರೆ ನಾವೇ ನೋಡಲು ಬರುತ್ತೇವೆ. ನನಗೆ ಕೊಟ್ಟ ಮಾತನ್ನು ನಾನೇ ವಾಪಸ್ ಕೊಟ್ಟಿದ್ದೇನೆ. ಆದರೆ ಇಪ್ಪತ್ತಾರರ ಒಳಗೆ ಅಲ್ಲಿಯ ಆಫೀಸಿನಲ್ಲಿ ನಿನ್ನ ಟಿಕೆಟಿಗೆ ಸೀಲು ಹಾಕಿಸಲೇಬೇಕು, ಅಲ್ಲಿ ಒಂದು ಗಂಟೆಗೆ ಕೌಂಟರ್ ಮುಚ್ಚುತ್ತಾರಂತೆ. ಆ ಒಂದು ಗಂಟೆ ಅಲ್ಲಿನದೋ ಇಲ್ಲಿನದೋ ಎಂದು ಗುಮಾಸ್ತನನ್ನು ಎರಡು ಸಲ ಕೇಳಿದೆ, ಎರಡು ಸಲವೂ ಅಲ್ಲಿನದೇ ಅಂದ. ನನಗೆ ಸಮಾಧಾನವಿಲ್ಲ. ಅವರಿಗೆ ಹೇಳಿ ಇನ್ನೊಂದು ಸಲ ವಿಚಾರಿಸು.