ನಮ್ಮ ದಾರಂದವನ್ನೊಮ್ಮೆ ಮಗುಚಿ ನೋಡಿ

ಕಾಡಿನ ಮರಗಳನ್ನೆಲ್ಲ ಕಾಯುವ ವಲಯ ಅರಣ್ಯಾಧಿಕಾರಿಗಳೇ,

ಮಾನ್ಯರೇ, ತಮ್ಮ ಡಿಪೋದಲ್ಲಿ ಬಿದ್ದಿರುವ ಸಾಗವಾನಿ ದಾರಂದ ನಮ್ಮ ಮನೆಯ ಹೆಬ್ಬಾಗಿಲಿನ ಚೌಕಟ್ಟು. ಮಳೆಗಾಲಕ್ಕೆ ಮೊದಲು ತಮ್ಮ ಸಿಬ್ಬಂದಿ ಅದನ್ನು ಹೆದ್ದಾರಿಯಲ್ಲಿ ಟೆಂಪೋದಿಂದ ಇಳಿಸಿಕೊಂಡರು. ಈಗ ದೀಪಾವಳಿ ಹತ್ತಿರ ಬಂದಿದೆ. ಶಿರವಾಡದ ನಮ್ಮ ಹೊಸ ಮನೆಯ ಮುಂಗೋಡೆಯಲ್ಲಿ ದಾರಂದಕ್ಕೆಂದು ಬಿಟ್ಟ ಜಾಗ ಹಾಗೇ ಬಾಯ್ದೆರೆದುಕೊಂಡಿದೆ. ಲೋಕದಲ್ಲಿ ಬಾಗಿಲು ಹಾಕಿ ಜನರನ್ನು ಕೂಡಿಡುತ್ತಾರೆ. ತಾವು ಬಾಗಿಲು ಕಿತ್ತುಕೊಂಡು ನನ್ನನ್ನು ಕೂಡಿಹಾಕಿದ್ದೀರಿ.

ಹೇಗೆಂದು ಕೇಳುವಿರಾ? ಬಾಗಿಲಿಗೆ ಟಾರ್ಪಾಲು ಕಟ್ಟಿದ್ದೇವೆ. ಟಾರ್ಪಾಲಿಗೆ ಬೀಗ ಹಾಕುವ ಉಪಾಯ ತಮ್ಮ ಇಲಾಖೆಗೆ ಗೊತ್ತಿದ್ದರೆ ತಿಳಿಸಿ. ಗಂಡ ಭಾಸ್ಕರ ಬಿಣಗಾಕ್ಕೆ ಕೆಲಸಕ್ಕೆ ಹೋಗಬೇಕು, ಅತ್ತೆ ಮಂಜಿಯವರಿಗೆ ಕಣ್ಣು ಮಂದ. ಹಾಗಾಗಿ ದನ, ನಾಯಿ, ಕಳ್ಳರು ಎಲ್ಲರಿಗೂ ನಾನೇ ಕಾವಲು. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದೆ, ಆ ಜಾಗಕ್ಕೆ ಬೇರೆಯವರು ಬಂದರು. ಕದ್ರಾದಲ್ಲಿ ನನ್ನ ಒಡಹುಟ್ಟಿದ ತಂಗಿ ನೀತಾಳ ಮದುವೆಯಾಯಿತು. ತಾಳಿ ಕಟ್ಟುವುದನ್ನು ಈ ಟಾರ್ಪಾಲಿನ ಪಕ್ಕ ಕೂತು ಮೊಬೈಲಿನಲ್ಲಿ ನೋಡಿದೆ. ಅಂದು ತಮ್ಮನ್ನು ಬಾಯಿಗೆ ಬಂದಂತೆ ಬೈದಿದ್ದೇನೆ, ಮುಚ್ಚಿಡುವುದಿಲ್ಲ.

ಈ ಸಾಗವಾನಿ ಕದ್ದದ್ದಲ್ಲ. ಅಂಕೋಲೆ ಕಡೆಯ ನಮ್ಮ ಹಳೆಯ ಮನೆ ಕುಸಿದಾಗ ಗೆದ್ದಲು ಕದವನ್ನೆಲ್ಲ ತಿಂದಿತ್ತು, ದಾರಂದವನ್ನು ಮುಟ್ಟಿರಲಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಅತ್ತೆ ಕೇಳಿ ಪಡೆದದ್ದು ಅದೊಂದನ್ನೇ. ಅವರು ಮದುವೆಯಾಗಿ ಅಕ್ಕಿಯ ಸೇರು ಒದ್ದು ಒಳಗೆ ಬಂದ ಬಾಗಿಲು ಅದು.

ಅಪರಾಧವಾದದ್ದು ಆಮೇಲೆ. ಹಳೆಯ ದಾರಂದವನ್ನು ಹೊಸ ಮನೆಗೆ ಕೂರಿಸುವ ಮೊದಲು ಹೆರೆದು ಚೊಕ್ಕ ಮಾಡುವುದು ನಮ್ಮಲ್ಲಿಯ ರೂಢಿ. "ಹಳೇ ಮನಿ ಮಸಿ ಹೊಸಾ ಮನೀಗೆ ತಕಂಡ್ ಹೋಗ್ಬಾರ್ದು. ನಾ ಹೆರ್ದು ಕೊಡ್ತೆ, ತಡಿ," ಎಂದರು ಬಡಗಿ ಸಾಯಿನಾಥ ಆಚಾರಿ. ಕೀಸುಳಿ ಹೊಡೆದದ್ದೇ ತಡ, ಎಣ್ಣೆ, ಅರಿಶಿನ, ಹೊಗೆಯ ಕಪ್ಪು ಎಲ್ಲ ಹೋಗಿ ಮರ ಹೊಂಬಣ್ಣಕ್ಕೆ ತಿರುಗಿತು. ಆಚಾರಿ ಹಿಗ್ಗಿದರು, ನಾವೂ ಹಿಗ್ಗಿದೆವು. ಕಪ್ಪು ಹೊಟ್ಟನ್ನು ಅತ್ತೆ ಬಚ್ಚಲ ಒಲೆಗೆ ತುಂಬಿದರು. ಮರ ಹಳೆಯದೆಂಬ ಸಾಕ್ಷಿಯಲ್ಲಿ ನೀರು ಕಾಯಿಸಿ ನಾವೇ ಮಿಂದೆವು!

"ಹಳೇದಾದ್ರೆ ಹಳೇದಾಗಿ ಕಾಣಬೇಕಲ್ರೀ?" ಎಂದರು ಹೆದ್ದಾರಿಯಲ್ಲಿ ಟೆಂಪೋ ತಡೆದ ತಮ್ಮ ಸಿಬ್ಬಂದಿ. ಮರ ಎಲ್ಲಿಯದೆಂದು ದಾಖಲೆ ಕೇಳಿದರು. ಅತ್ತೆಯ ಮಾವ ಮರ ಕಡಿಸಿದಾಗ ತಮ್ಮ ರಸೀದಿ ಪುಸ್ತಕ ಅಚ್ಚಾಗಿತ್ತೇ? ತಮ್ಮ ಕಚೇರಿಯ ಸಿಸಂ ಮರದ ಮೇಜಿಗೆ ಎಷ್ಟು ಹೊಳಪು, ಮುಖ ಕಾಣುತ್ತದಂತೆ. ಅದು ಯಾವ ಕಾಡಿನದೆಂದು ಯಾರಾದರೂ ಕೇಳಿದ್ದಾರೆಯೇ?

ಬೇರೆ ದಾರಂದ ಕೂರಿಸಿ ಎಂದು ತಾವು ಭಾಸ್ಕರನಿಗೆ ಬುದ್ಧಿ ಹೇಳಿದಿರಂತೆ. ನಮ್ಮ ದಾರಂದಕ್ಕೆ ಪೂಜೆಯಾಗಿದೆ, ಕಾಯಿ ಒಡೆದಾಗಿದೆ. ಮದುಮಗಳನ್ನು ದಾರಿಯಲ್ಲಿ ಯಾರೋ ತಡೆದರೆಂದು ಮಂಟಪದಲ್ಲಿ ಬೇರೆ ಹೆಣ್ಣನ್ನು ಕೂರಿಸುತ್ತಾರೆಯೇ? "ನನ್ ಬಾಗ್ಲು ಬರೂವರಿಗೆ ನಾ ಮನಿ ತುಂಬುದಿಲ್ಲಾ," ಎಂದು ಅತ್ತೆ ಇಂದಿಗೂ ಹೊರಗಿನ ಮಾಡಿನಲ್ಲೇ ಮಲಗುತ್ತಾರೆ. ಅವರನ್ನು ಒಳಗೆ ಕರೆತರಲಾರೆ, ನಾನು ಹೊರಗೆ ಹೋಗಲಾರೆ. ಸಾಕಾಗಿದೆ, ಮಾನ್ಯರೇ.

ಒಂದು ಮಾತು ಉಳಿದಿದೆ. ದಾರಂದವನ್ನು ಪೂರ್ತಿ ಹೆರೆದಿಲ್ಲ. ಹೊಸ್ತಿಲ ನಡುವೆ ಕಾಲು ತಾಗಿ ತಾಗಿ ಸವೆದ ತಗ್ಗೊಂದಿದೆ. ಆಚಾರಿ ಅಲ್ಲಿಗೆ ಬಂದಾಗ ಅತ್ತೆ ಅಡ್ಡ ಕೂತರು: "ಅದು ನಮ್ಮೋರ್ ಕಾಲು. ಅದ್ನ ಮುಟ್ಬೇಡ." ಆ ತಗ್ಗು ಇನ್ನೂ ಕರ್ರಗಿದೆ. ತಮ್ಮವರು ಹೊಸ್ತಿಲನ್ನು ಗೋಡೆಗೆ ಒತ್ತಿ, ಮೇಲೆ ದಿಮ್ಮಿ ಪೇರಿಸಿದ್ದಾರೆ. ಭಾಸ್ಕರ ಎಷ್ಟು ಸಲ ಬೇಡಿದರೂ ಯಾರೂ ಅದನ್ನು ಮಗುಚಲಿಲ್ಲ.

ನನ್ನ ಬೇಡಿಕೆ ಇಷ್ಟೇ. ದಿಮ್ಮಿ ಸರಿಸಿ, ದಾರಂದ ಮಗುಚಿ, ಆ ತಗ್ಗಿನಲ್ಲಿ ತಮ್ಮ ಪಾದವನ್ನೊಮ್ಮೆ ಇಟ್ಟು ನೋಡಿ. ಹೊಸ ಮರ ಹಾಗೆ ಸವೆಯುವುದೇ ಎಂದು ತಾವೇ ಹೇಳಿ. ಆಮೇಲೆ ಅದನ್ನು ದೀಪಾವಳಿಗೆ ಮೊದಲು ಮನೆಗೆ ತಲುಪಿಸಿ. ಕೇಳಲು ನಾನೇ ತಮ್ಮ ಕಚೇರಿಗೆ ಬರಬೇಕಿತ್ತು, ಮನೆ ಬಿಟ್ಟು ಬರುವಂತಿಲ್ಲ. ತಾವೇ ಬನ್ನಿ. ಯಾವ ಹೊತ್ತಿಗೆ ಬಂದರೂ ಇಲ್ಲೇ ಇರುತ್ತೇನೆ. ಬಾಗಿಲು ತಟ್ಟುವ ತೊಂದರೆಯೂ ತಮಗಿಲ್ಲ.

ಇಂತಿ,
ತಮ್ಮ ಕೃಪೆಯಿಂದ ಟಾರ್ಪಾಲಿನ ಕಾವಲುಗಾರ್ತಿಯಾದ
ಜಯಶ್ರೀ, ಶಿರವಾಡ